ಹಿರಿಯರಿಗಷ್ಟೇ ಅಲ್ಲ

ಸಿಂಧನೂರಿನ ಯಾವ ಸರ್ಕಲ್‌ನಲ್ಲಿ ನಿಂತು ತಲೆ ಎತ್ತಿದರೂ ಒಬ್ಬ ಮಹಾಪುರುಷ ಕಾಣುತ್ತಾನೆ. ಬಿಳಿ ಅಂಗಿ, ಕಪ್ಪು ಕನ್ನಡಕ, ಜೋಡಿಸಿದ ಕೈ. ಕೆಳಗೆ ‘ಬಡವರ ಬಂಧು’. ಅದರ ಕೆಳಗೆ ಅಂಚೆಚೀಟಿಯಷ್ಟಷ್ಟು ಮುಖಗಳ ಸಾಲು, ಶುಭ ಕೋರುವವರದು. ಹುಟ್ಟುಹಬ್ಬ ಮುಗಿದ ಮೇಲೆ ಆ ಫ್ಲೆಕ್ಸ್ ಯಾರದೋ ಭತ್ತದ ರಾಶಿಗೆ ಹೊದಿಕೆಯಾಗುತ್ತದೆ. ಅಕಾಲದ ಮಳೆಯಲ್ಲಿ ನಾಯಕರಿಂದ ರೈತನಿಗೆ ಆಗುವ ನೇರ ಉಪಕಾರ ಇದೊಂದೇ ಎಂದು ಕುಹಕಿಗಳು ಹೇಳುವುದುಂಟು, ನಾನು ಹೇಳುವುದಿಲ್ಲ.

ಶಾಲೆಯಲ್ಲಿ ‘ನನ್ನ ಮೆಚ್ಚಿನ ನಾಯಕ’ ಎಂಬ ಪ್ರಬಂಧ ಬರೆಸುತ್ತಿದ್ದರು. ಇಡೀ ತರಗತಿ ಗಾಂಧೀಜಿಯನ್ನೇ ಮೆಚ್ಚುತ್ತಿತ್ತು, ಅವರೇ ಸುಲಭ; ಜನ್ಮದಿನಾಂಕ ಎಲ್ಲರಿಗೂ ಬಾಯಿಪಾಠ. ಊರಿನ ನೀರುಗಂಟಿಯ ಬಗ್ಗೆ ಬರೆದಿದ್ದರೆ ಮೇಷ್ಟ್ರು ಅಂಕ ಕೊಡುತ್ತಿದ್ದರೇ?

ನಮ್ಮ ಬಂಧುಗಳ ಊರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಮೇಲಿನವರು ಕುಡಿದು ಮಿಕ್ಕಿದ್ದು ಅಲ್ಲಿಗೆ. ಅಲ್ಲೊಬ್ಬ ನೀರುಗಂಟಿ ಇದ್ದ. ಇಸ್ಪೀಟಿನ ಚಟ, ಬಾಯಿ ಹೊಲಸು. ಒಂದು ರಾತ್ರಿ ಅವನ ಅಳಿಯನೇ ಬ್ಯಾಟರಿ ಹಿಡಿದು ತೂಬಿನ ಹತ್ತಿರ ಬಂದ: “ಮಾವಾ, ಒಂದು ತಾಸು ಎತ್ರಿ, ಪೈರು ಒಣಗಾಕತ್ಯಾವ.” ಇವನು ಬೀಡಿ ಆರಿಸಿ, “ಅಳಿಯತನ ಮನ್ಯಾಗಿರ್ಲಿ. ನಿಮ್ಮ ಪಾಳಿ ನಾಳಿಗೈತಿ” ಅಂದ. ಮಗಳು ಆರು ತಿಂಗಳು ತವರಿಗೆ ಬರಲಿಲ್ಲ. ಊರು ಅವನನ್ನು ಹೊಗಳಿದ್ದೂ ಇಲ್ಲ. ಪಾಳಿ ತಪ್ಪದವನನ್ನು ಪಾಳಿ ಇಲ್ಲದವರೆಲ್ಲ ಬಯ್ಯುತ್ತಾರೆ.

ಅವನ ನೆನಪಾದಾಗೆಲ್ಲ ನನಗೆ ಮಸ್ಕಿಯ ಅಶೋಕ ಶಾಸನದ ಬಂಡೆ ನೆನಪಾಗುತ್ತದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಈ ಕಡೆ ಚಿನ್ನ ಅರಸುತ್ತ ಬಂದವನು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಬೀಡನ್‌ಗೆ ಮಸ್ಕಿಯಲ್ಲಿ ಸಿಕ್ಕಿದ್ದು ಅಕ್ಷರ. 1837ರಲ್ಲೇ ಪ್ರಿನ್ಸೆಪ್ ಎಂಬ ವಿದ್ವಾಂಸ ಬ್ರಾಹ್ಮಿ ಲಿಪಿ ಓದಿದ್ದ. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಬಲದಿಂದ ಪಂಡಿತರು ಹೇಳುತ್ತಿದ್ದರು. ಆದರೆ ಅಶೋಕ ಎಂಬ ಹೆಸರನ್ನೇ ಹೇಳುವ ಶಾಸನ ಮೊದಲು ಸಿಕ್ಕಿದ್ದು ಇಲ್ಲಿ. ಗುಜರ್ರಾ, ನಿಟ್ಟೂರು, ಉಡೆಗೋಳದವು ಆಮೇಲೆ. ಬಿರುದಿದ್ದು ಹೆಸರಿಲ್ಲದ ಫ್ಲೆಕ್ಸನ್ನು ನಮ್ಮ ಕಡೆ ಯಾರೂ ಹಾಕಿಸಲಾರರು.

ಹೆಸರಿಗಿಂತ ನನಗೆ ಹಿಡಿಸಿದ್ದು ಒಳಗಿನ ಮಾತು. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಎತ್ತರ ಮುಟ್ಟಬಲ್ಲ, ಅದು ದೊಡ್ಡವರಿಗಷ್ಟೇ ಮೀಸಲಲ್ಲ ಎನ್ನುತ್ತದೆ ಬಂಡೆ. ಇದೇ ಶಾಸನದ ಬ್ರಹ್ಮಗಿರಿಯ ಪಾಠದಲ್ಲಿ, ಉಪಾಸಕನಾದ ಮೇಲೂ ಒಂದು ವರ್ಷ ತಾನು ಹೆಚ್ಚು ಶ್ರಮಪಡಲಿಲ್ಲ ಎಂದು ಚಕ್ರವರ್ತಿ ಒಪ್ಪಿಕೊಂಡಿದ್ದಾನೆ. ಸೋಮಾರಿತನವನ್ನು ಕಲ್ಲಿನಲ್ಲಿ ಕೊರೆಸಿದ ದೊರೆ ಇನ್ನೊಬ್ಬನನ್ನು ನಾನು ಕಾಣೆ. ಮೆಚ್ಚುವುದಕ್ಕೆ ನನಗೆ ಕಳಿಂಗದ ಕತೆಗಿಂತ ಇಷ್ಟು ಸಾಕು.

ಕಳಿಂಗದ ವಿಷಯದಲ್ಲಿ ಒಂದು ತಕರಾರೂ ಇದೆ. ಅಲ್ಲಿನ ಯುದ್ಧದಲ್ಲಿ ಸತ್ತ ಲಕ್ಷ ಜನರಿಗಾಗಿ ಮರುಗಿದ ಹದಿಮೂರನೆಯ ಶಾಸನವನ್ನು ದೂರದೂರದ ಬಂಡೆಗಳ ಮೇಲೆ ಬರೆಸಿದವನು, ಕಳಿಂಗದ ಧೌಲಿ, ಜೌಗಡಗಳಲ್ಲಿ ಅದನ್ನು ಕೈಬಿಟ್ಟ. ರಾಜನೀತಿಯೋ, ನಾಚಿಕೆಯೋ. ಹಾಗಂತ ಅವನನ್ನು ನನ್ನ ಪಟ್ಟಿಯಿಂದ ತೆಗೆದಿಲ್ಲ. ಒಂದು ಮೆಟ್ಟಿಲು ಇಳಿಸಿ ನೀರುಗಂಟಿಯ ಪಕ್ಕ ಕೂರಿಸಿದ್ದೇನೆ. ಆ ಮುದುಕನ ಕೈಗೆ ಉಳಿ ಕೊಟ್ಟಿದ್ದರೆ ಮೊದಲು ಧೌಲಿಯಲ್ಲೇ ಕೊರೆಯುತ್ತಿದ್ದ ಎಂದು ನನಗೊಂದು ಗುಮಾನಿ. ಜೊತೆಗೆ ನಾಲ್ಕು ಬೈಗುಳವನ್ನೂ.