ಗೊರಕೆ ಅಂದ್ರೆ ಒಳ್ಳೆ ನಿದ್ದೆ ಅಲ್ಲ ಕಣ್ರಮ್ಮ

ನಮ್ ಬಲಸಮುದ್ರದ ಕಡೆ ಗೊರಕೆ ಹೊಡೆಯೋರ್ನ ಕಂಡ್ರೆ "ಪುಣ್ಯವಂತ, ಏನ್ ನಿದ್ದೆ" ಅಂತೀವಿ. ನಮ್ಮನೆಯವ್ರೂ ಹಂಗೇ. ಆದ್ರೆ ಮಧ್ಯೆ ಮಧ್ಯೆ ಉಸ್ರೇ ನಿಂತೋಗಿ, ಆಮೇಲೆ ಗಕ್ಕಂತ ಎಳ್ಕೊಳೋರು. ಹಗಲೊತ್ತು ಕೂತಲ್ಲೇ ತೂಕಡಿಕೆ. ಹಿಂಗಿದ್ದೇ ಮಕ್ಕಳ್ನ ಕೂರಿಸ್ಕೊಂಡು ಸಿರಾ ರೋಡಲ್ಲಿ ಕಾರು ಓಡ್ಸೋರು!

"ನಂಗೇನಾಗೈತೆ?" ಅಂತ ರೇಗಿದ್ರು. ಒಂದಿನ ಆ ಸದ್ದು ಫೋನಲ್ಲಿ ಹಿಡಿದು ಕೇಳಿಸ್ದೆ. ಸುಮ್ನಾದ್ರು. ಬೆಂಗಳೂರಲ್ಲಿ ಒಂದ್ ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದ್ರು. ಸ್ಲೀಪ್ ಅಪ್ನಿಯಾ ಅಂತೆ. ಮಲಗಿದಾಗ ಗಂಟಲು ಮುಚ್ಕೊಂಡು ಉಸ್ರು ಕಟ್ಟುತ್ತೆ, ಮೆದುಳು ಪದೇ ಪದೇ ಎಬ್ಬಿಸುತ್ತೆ. ಮಲಗಿದ್ದೋರಿಗೆ ಬೆಳಿಗ್ಗೆ ನೆನಪೇ ಇರಲ್ಲ. ಪಕ್ಕದಲ್ಲಿ ಮಲಗೋ ನಮಗೆ ಮಾತ್ರ ಗೊತ್ತು.

40 ವರ್ಷದ ಒಳಗಿನೋರು ಸ್ವಂತ ಗಾಡಿ ಲೈಸೆನ್ಸಿಗೆ ಆರೋಗ್ಯದ ಬಗ್ಗೆ ತಾವೇ ಬರ್ಕೊಟ್ರೆ ಸಾಕು. ಮೂರ್ಛೆ, ತಲೆಸುತ್ತು, ಇರುಳುಗುರುಡು ಐತಾ ಅಂತ ಕೇಳಿರ್ತಾರೆ. ಗೊತ್ತೇ ಇಲ್ದಿರೋ ಕಾಯಿಲೆನ ಯಾರು ಬರೀತಾರೆ ಹೇಳಿ?

ಸಕ್ಕರೆ ಕಾಯಿಲೆ, ಗ್ಲಾಕೋಮಾನೂ ಸದ್ದಿಲ್ದೆ ಬರ್ತವೆ. ರಾತ್ರಿ ಮೂರ್ನಾಲ್ಕು ಸಲ ಒಂದಕ್ಕೆ ಏಳೋದು, ಕಣ್ಣು ಮಂಜಾಗೋದು, ಪಕ್ಕದಲ್ಲಿ ಬಂದೋರ್ನ ಕಾಣ್ದೆ ತಾಕೋದು, ಇವೆಲ್ಲ ಮೊದ್ಲು ಕಾಣೋದು ಮನೆ ಹೆಂಗಸ್ರಿಗೇ. "ವಯಸ್ಸಾಯ್ತು ಬಿಡು" ಅನ್ಬೇಡಿ. ಡಾಕ್ಟ್ರ ಹತ್ರ ಜೊತೇಲಿ ಹೋಗಿ, ಕಂಡಿದ್ದನ್ನ ನೀವೇ ಬಾಯ್ಬಿಟ್ಟು ಹೇಳಿ.

ಈಗ ಇವ್ರು ಗಾಳಿ ಮಿಷನ್ನಿನ ಮಾಸ್ಕ್ ಹಾಕ್ಕೊಂಡು ಮಲಗ್ತಾರೆ. ಹಗಲು ತೂಕಡಿಕೆ ನಿಂತೈತೆ. ಅದು ನಿಲ್ಲೋವರ್ಗೂ ಕಾರಿನ ಕೀಲಿ ನನ್ ಸಾಸಿವೆ ಡಬ್ಬೀಲೇ ಇತ್ತು.