ಅದಮಾರಿನ ರಾಯರದ್ದು

ಬೆಳ್ತಂಗಡಿ
ಶುಕ್ರವಾರ ರಾತ್ರಿ

ಪ್ರೀತಿಯ ತಂಗೀ,

ಮೊನ್ನೆ ಮೂಡುಬಿದಿರೆಯಿಂದ ಫೋನು ಮಾಡಿ, "ಅಣ್ಣಾ, ಅದು ನೆತ್ತಿ ದಾಟಿದ್ದೇ ಆರಿಹೋಯ್ತು, ಎಲ್ಲಿಯಾದರೂ ಬಿತ್ತೋ ಏನೋ" ಎಂದೆಯಲ್ಲ, ನಾನು ನಕ್ಕುಬಿಟ್ಟೆ. ತಪ್ಪಾಯಿತು. ಮೊದಲ ಸಲ ನಾನೂ ಹಾಗೇ ಗಾಬರಿಬಿದ್ದವನು.

ಅದು ಬಿದ್ದದ್ದಲ್ಲ ಮಾರಾಯ್ತಿ. ಬಾಹ್ಯಾಕಾಶ ನಿಲ್ದಾಣ ನಮಗೆ ಕಾಣುವುದು ಸೂರ್ಯನ ಬೆಳಕಿನಿಂದ. ನಮ್ಮ ಅಂಗಳದಲ್ಲಿ ಕತ್ತಲಾದರೂ 400 ಕಿ.ಮೀ. ಮೇಲೆ ಬಿಸಿಲು ಉಂಟು. ಪೂರ್ವಕ್ಕೆ ಸಾಗುತ್ತ ಭೂಮಿಯ ನೆರಳಿಗೆ ಹೊಕ್ಕಿತೋ, ಕೆಂಪಗೆ ಮಂಕಾಗಿ ಮಾಯ. ಬೆಳಗಿನ ಜಾವ ಇದೇ ತಿರುಗಾಮುರುಗ: ಏನೂ ಇಲ್ಲದ ನಡು ಆಕಾಶದಲ್ಲಿ ತಟ್ಟನೆ ಹತ್ತಿಕೊಳ್ಳುತ್ತದೆ. ಕೆಂಪು ಹಸಿರು ಮಿಣುಕಿದರೆ ಬಜ್ಪೆಗೆ ಇಳಿಯುವ ವಿಮಾನ, ಬಿಟ್ಟುಬಿಡು.

ಚಿಕ್ಕಂದಿನಲ್ಲಿ ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಗದ್ದೆಯ ಹುಣಿಯಲ್ಲಿ ನಿದ್ದೆಗಣ್ಣಲ್ಲಿ ಬರುವಾಗ ಅಪ್ಪ ಟಾರ್ಚು ಆರಿಸಿ ಮೇಲೆ ಬೆರಳು ತೋರಿಸುತ್ತಿದ್ದರಲ್ಲ, "ನೋಡಿ, ನಮ್ಮ ಅದಮಾರಿನ ರಾಯರದ್ದು" ಅಂತ? ಮನೆಗೆ ಬಂದ ಮೇಲೆ ಸಾಕ್ಷಿಗೆ ಎರಡು ರೂಪಾಯಿ ನೋಟಿನ ಹಿಂಬದಿಯ ಆರ್ಯಭಟ ಉಪಗ್ರಹದ ಚಿತ್ರ. ಅದಮಾರಿನ ಯು. ಆರ್. ರಾಯರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ 360 ಕಿಲೋದ ಆ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿಸಿದ್ದರು. ಆದರೆ 1992ರಲ್ಲೇ ಅದು ವಾತಾವರಣಕ್ಕೆ ಇಳಿದು ಉರಿದುಹೋಗಿತ್ತು. ನಾವು ಆಟಕ್ಕೆ ಹೋಗುತ್ತಿದ್ದದ್ದು ಆಮೇಲೆ! ಅಪ್ಪ ತೋರಿಸಿದ್ದು ಬಿಟ್ಟುಬಿಟ್ಟು ಮಿನುಗುತ್ತಿತ್ತು, ನೆನಪುಂಟಾ? ಯಾರದೋ ರಾಕೆಟ್ಟಿನ ಖಾಲಿ ಕೊಳವೆ ಮಗುಚುತ್ತ ಹೋಗುತ್ತಿದ್ದದ್ದಿರಬೇಕು. ಅಪ್ಪನಿಗೆ ಇದನ್ನು ಹೇಳಿಲ್ಲ. ಹೇಳುವುದೂ ಇಲ್ಲ.

ಈಗ ಅವರು ಬಂಟ್ವಾಳದಲ್ಲಿ ಅಕ್ಕನ ಮನೆಯಲ್ಲಿ. ಮೂರು ಊರು, ಮೂರು ಅಂಗಳ, ಆದರೆ ಕಾಣುವುದು ಒಂದೇ ಚುಕ್ಕಿ, ಒಂದೇ ಹೊತ್ತಿಗೆ. ನಿನ್ನಲ್ಲಿಂದ ನನ್ನಲ್ಲಿಗೆ ಬಸ್ಸಿಗೆ ಒಂದು ಗಂಟೆ ಹಿಡಿಯುವ ದೂರ ಅದಕ್ಕೆ ಐದು ಸೆಕೆಂಡಿನ ಹಾದಿ. ನನ್ನ ಅಂಗಳಕ್ಕಂತೂ ಈಚೆಗೆ ರಸ್ತೆಬದಿಯ ದೊಡ್ಡ ದೀಪವೊಂದರ ಕಾಟ. ಬಚ್ಚಲುಕೊಟ್ಟಿಗೆಯ ಹಿಂದೆ ನಿಂತು ನೋಡುತ್ತೇನೆ.

ಪತ್ತನಾಜೆ ಕಳೆದು ಮಳೆ ಹಿಡಿದರೆ ಆಟದ ಮೇಳಗಳ ಹಾಗೆ ಆಕಾಶವೂ ಗೆಜ್ಜೆ ಬಿಚ್ಚುತ್ತದೆ, ಮತ್ತೆ ದೀಪಾವಳಿಗೇ. ಅಷ್ಟರೊಳಗೆ ಒಂದು ಸಂಜೆ ಗಂಟೆ ನೋಡಿ ತಿಳಿಸುತ್ತೇನೆ. ನೀನು ಅಂಗಳದ ಬಲ್ಬು ಆರಿಸಿ, ಅಪ್ಪನಿಗೆ ಫೋನು ಹಚ್ಚಿಕೊಂಡು ನಿಲ್ಲು. ಅವರು ರಾಯರದ್ದು ಅಂದರೆ, ಹೌದು ಅನ್ನು.

ನಿನ್ನ,
ಅಣ್ಣ