ಮುಕ್ತಾಯ ಬಿದ್ದ ಮೇಲೆ ಕತ್ತರಿ

ಅಂಬಲಪಾಡಿಯ ಜನಾರ್ದನ–ಮಹಾಕಾಳಿಗೆ ಕೈಮುಗಿದು ಹೆದ್ದಾರಿ 66ರ ಜಂಕ್ಷನ್ನಿಗೆ ಬಂದರೆ ಅಲ್ಲಿಂದ ಮಣಿಪಾಲಕ್ಕೆ ಹತ್ತು ಕಿಲೋಮೀಟರೂ ಇಲ್ಲ. ಸಿಟಿ ಬಸ್ಸು ಬ್ರಹ್ಮಗಿರಿ ದಾಟಿ ಉಡುಪಿಯೊಳಗೆ ನುಗ್ಗಿ, ಕಲ್ಸಂಕ, ಕುಂಜಿಬೆಟ್ಟು, ಇಂದ್ರಾಳಿ ಎನ್ನುತ್ತ ಗುಡ್ಡ ಏರುತ್ತದೆ. ಹಾಡು ಕಲಿಸುವವರೂ ಹಾಡನ್ನು ಹಿಡಿದಿಡಲು ಕಲಿಸುವವರೂ ಇಷ್ಟು ಒತ್ತೊತ್ತಾಗಿ ಸಿಗುವ ಇನ್ನೊಂದು ದಾರಿಯನ್ನು ನಾನಂತೂ ಕಂಡಿಲ್ಲ.

ಕುಂಜಿಬೆಟ್ಟಿನಲ್ಲಿ 1949ರಲ್ಲಿ ಹುಟ್ಟಿದ ಎಂ.ಜಿ.ಎಂ. ಕಾಲೇಜು. ಇಲ್ಲಿ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕಟ್ಟಿದರು. ಪಾಡ್ದನ, ಭೂತಾರಾಧನೆ, ಯಕ್ಷಗಾನವೆಲ್ಲ ಟೇಪಿಗೂ ವಿಡಿಯೊಗೂ ಸೇರಿದವು. ಆ ಕಾಲದ ದೊಡ್ಡ ಸಾಹಸ ನಡೆದದ್ದು ಮಾತ್ರ ಬೆಳ್ತಂಗಡಿ ಕಡೆ. 1990ರ ಡಿಸೆಂಬರಿನಲ್ಲಿ ಕೃಷಿಕ ಗೋಪಾಲ ನಾಯ್ಕರು ತುಳುವಿನ ಸಿರಿಯ ಕತೆ ಹಾಡುತ್ತ ಹೋದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಅದನ್ನು ದಾಖಲಿಸುತ್ತ ಹೋದರು. ದಿನಗಟ್ಟಲೆ! 1998ರಲ್ಲಿ ಅಚ್ಚಾದಾಗ ಲೆಕ್ಕ ಸಿಕ್ಕಿತು: 15,683 ಸಾಲು. ಒಬ್ಬ ಮನುಷ್ಯನ ಗಂಟಲೊಳಗೆ ಇಷ್ಟು ಇತ್ತೆಂದು ಯಂತ್ರ ಇಲ್ಲದಿದ್ದರೆ ಯಾರು ನಂಬುತ್ತಿದ್ದರು?

ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರ, ಶುರುವಾದದ್ದು 1971ರಲ್ಲಿ. ಶಿವರಾಮ ಕಾರಂತರ ಹೆಸರು ಇದಕ್ಕೆ ಅಂಟಿಕೊಂಡೇ ಇದೆ. ಪಿಟೀಲು, ಸ್ಯಾಕ್ಸೊಫೋನುಗಳನ್ನು ಯಕ್ಷಗಾನದ ಹಿಮ್ಮೇಳಕ್ಕೆ ತಂದು ನೋಡಿದ ಗಟ್ಟಿಗ ಅವರು. ಮುಂದೆ ಮಣಿಪಾಲದಲ್ಲಿ 1997ರಿಂದ ಮಾಧ್ಯಮ ಶಿಕ್ಷಣದ ಶಾಲೆ ಇದೆ, 90.4ರಲ್ಲಿ ಸಮುದಾಯ ಬಾನುಲಿ ಇದೆ. ಅಲ್ಲಿಯವರೆಗೆ ಹೋಗುವವನಿದ್ದೆ. ಇಂದ್ರಾಳಿಯ ಹೋಟೆಲಿನಲ್ಲಿ ಚಾ ಕುಡಿಯಲು ಇಳಿದದ್ದೇ ಸರಿಯಾಯಿತು.

ಎದುರು ಮೇಜಿನ ಹುಡುಗಿ ಲ್ಯಾಪ್‌ಟಾಪ್ ತೆರೆದಿದ್ದಳು. ಮಾಧ್ಯಮದ ವಿದ್ಯಾರ್ಥಿನಿ, ಸಂಜೆ ಮದ್ದಳೆ ಕಲಿಯುತ್ತಾಳಂತೆ. ಪರದೆಯ ಮೇಲೆ ಒಂದು ಪ್ರಸಂಗದ ಧ್ವನಿ ಗೆರೆಗಳಾಗಿ ಹರಡಿತ್ತು. ಭಾಗವತರ ಸ್ವರ ಉಬ್ಬಿ ತಗ್ಗುವ ದಿಬ್ಬದಂತೆ ಸಾಗಿದರೆ, ಚೆಂಡೆಯ ಪೆಟ್ಟುಗಳು ನೆಟ್ಟಗೆ ಮೇಲೆದ್ದು ತಟ್ಟನೆ ಇಳಿದಿದ್ದವು.

“ಚೆಂಡೆಗೆ ಎಷ್ಟು ಮೈಕ್ ಇಟ್ಟಿರಿ?” ಎಂದೆ.

“ಚೆಂಡೆಗೆ ಮೈಕ್ ಇಡ್ಲಿಕ್ಕೇ ಇಲ್ಲ ಸರ್. ಭಾಗವತರ ಮೈಕಿನಲ್ಲೇ ಬೇಕಾದಷ್ಟು ಬರ್ತದೆ.”

ಅವಳು ತೋರಿಸಿದ ಇನ್ನೊಂದು ಸಂಗತಿ ನನ್ನನ್ನು ಬೆರಗಾಗಿಸಿತು. ವೇಷಧಾರಿ ತಿರುಗುವಾಗ ದೃಶ್ಯ ಬದಲಾಯಿಸಿದರೆ ಕಣ್ಣಿಗೆ ಚೆಂದವೇ. ಆದರೆ ತಾಳ ಅರ್ಧಕ್ಕೆ ತುಂಡಾಗಿ ಕುಣಿತ ಕುಂಟುತ್ತದೆ. ಮುಕ್ತಾಯ ಬಿದ್ದ ಮೇಲೆಯೇ ಕತ್ತರಿ. ಅದು ಬರುವುದು ಮದ್ದಳೆ ನುಡಿಸುವ ಕೈಗೆ ಮೊದಲೇ ಗೊತ್ತು, ಕ್ಯಾಮೆರಾ ಹಿಡಿದ ಕೈಗೆ ಗೊತ್ತಿಲ್ಲ. ಅದಕ್ಕೇ ಅವಳು ಮದ್ದಳೆಗೆ ಕೂತದ್ದು. ಸಂಗೀತ ಬೇರೆ ವಿಭಾಗ, ಮಾಧ್ಯಮ ಬೇರೆ ಕಟ್ಟಡ ಎಂದು ಗೋಡೆ ಕಟ್ಟುವ ನಮ್ಮ ವಿಶ್ವವಿದ್ಯಾಲಯಗಳವರು ಈ ಹೋಟೆಲಿಗೊಮ್ಮೆ ಬಂದು ಚಾ ಕುಡಿಯಬೇಕು.

ಹೆಡ್‌ಫೋನ್ ಕಿವಿಗೆ ಹಾಕಿಕೊಂಡೆ. ಪದ ಏರುವ ಮುಂಚೆ ಭಾಗವತರು ಉಸಿರೆಳೆದದ್ದೂ ಕೇಳಿಸಿತು. ಎಷ್ಟೋ ರಾತ್ರಿ ಎದುರಿಗೇ ಕೂತು ಆಟ ನೋಡಿದವನಿಗೆ ಈ ಉಸಿರು ಹೊಸದು.

“ಯಾವ ತಾಳ, ಹೇಳಿ ನೋಡುವ.”

ಏಳು ಮಾತ್ರೆ ಎಣಿಸಿ “ತ್ರಿವುಡೆ” ಎಂದೆ.

“ಸರಿ. ಹಾಗಾದ್ರೆ ಎಲ್ಲಿ ಕತ್ತರಿಸ್ತೀರಿ?” ಎಂದವಳೇ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.